ಟ್ರೇಲರ್‌ನಲ್ಲಿ ನಾವು ಹಾಕದ ದನಿ

ದೆವ್ವದ ಕಥೆ ಹೇಳುವವರ ಎದುರು ಕೂತು ನಗುತ್ತಿದ್ದವಳು ನಾನು. ಯಾರಾದರೂ ‘ನಾನೇ ಕಿವಿಯಾರೆ ಕೇಳಿದೆ’ ಅಂದರೆ, ಕನಸು ಬಿದ್ದಿರಬೇಕು, ನಾಯಿ ಊಳಿಟ್ಟಿರಬೇಕು ಅಂದು ಮಾತು ಮುಗಿಸುತ್ತಿದ್ದೆ. ಈಗಲೂ ದೆವ್ವವನ್ನು ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕಾಲೇಜಿನ ಕೊನೆಯ ವರ್ಷದಲ್ಲಿ ನಡೆದ ಒಂದು ಸಂಗತಿಗೆ ನನ್ನಲ್ಲಿ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಚಿತ್ರದುರ್ಗದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ಆದಿವಾಲದ ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅವ್ವ ತೋಟದ ಕೂಲಿಗೆ ಹೋಗುತ್ತಿದ್ದಳು. ಬಿ.ಎಡ್. ಮಾಡಿ ಟೀಚರಾಗು ಅಂತ ಮನೆಯಲ್ಲಿ ಒಂದೇ ಹಟ. ನನಗೆ ಎಡಿಟಿಂಗ್ ಕಲಿಯುವ ಆಸೆ. ‘ಸಿನಿಮಾ ಕತ್ತರಿಸೋದೂ ಒಂದು ಓದೇನೆ?’ ಎಂದು ಅವ್ವ ಕೇಳಿದಾಗ, ಮಾಡಿ ತೋರಿಸಬೇಕು ಅಂದುಕೊಂಡೆ.

ಆ ವರ್ಷ ಕಾಲೇಜಿನ ಪ್ರಾಜೆಕ್ಟ್‌ಗೆಂದು ನಾವು ಮೂವರು ಸಹಪಾಠಿಗಳು ಸೇರಿ ಒಂದು ಹಾರರ್ ಸಿನಿಮಾದ ಟ್ರೇಲರ್ ಮಾಡಬೇಕಿತ್ತು. ಕ್ಯಾಮೆರಾ ತಿಪ್ಪೇಶನದು, ನಟನೆ ಶಾಹೀನಾಳದು, ಎಡಿಟಿಂಗ್ ನನ್ನದು. ತುರುವನೂರಿನ ಹೊರಗೆ ಹೊಲದ ನಡುವೆ ಒಂದು ಪಾಳು ಕಲ್ಲುಮನೆ ಇತ್ತು. ಸಂಜೆ ಹೊತ್ತು ಹುಡುಗಿಯೊಬ್ಬಳು ಅಲ್ಲಿಗೆ ಬರುತ್ತಾಳೆ, ಬಾಗಿಲ ಮುಂದೆ ನಿಲ್ಲುತ್ತಾಳೆ, ಸಂಗೀತ ತಟ್ಟನೆ ನಿಲ್ಲುತ್ತದೆ, ಆಮೇಲೆ ಒಳಗಿನಿಂದ ಬಿಳಿ ಮುಖದ ದೆವ್ವ ನುಗ್ಗುತ್ತದೆ. ಇಷ್ಟೇ. ತರಗತಿಯಲ್ಲಿ ತೋರಿಸಿದೆವು. ದೆವ್ವ ಬಂದದ್ದೇ ತಡ, ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೇಷ್ಟ್ರು ಮಾತ್ರ ನಗಲಿಲ್ಲ. “ನಿಮ್ಮನ್ನ ಗೊತ್ತಿಲ್ಲದೋರಿಗೆ ತೋರಿಸ್ರಿ. ಅವರು ಹೇಳೋದನ್ನ ಬಾಯಿ ಮುಚ್ಕಂಡು ಕೇಳ್ರಿ. ವಾದ ಮಾಡಬ್ಯಾಡ್ರಿ” ಅಂದರು.

ಮೊದಲು ಹೋದದ್ದು ಮಾಡದಕೆರೆಗೆ, ತಿಪ್ಪೇಶನ ಮನೆಗೆ. ಕುರಿ ಸಾಕುವ ಮನೆತನ. ಅವನ ಅಜ್ಜಿ ಈರಮ್ಮ ಜಗಲಿಯ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು, ಕಣ್ಣು ಕಿರಿದು ಮಾಡಿಕೊಂಡು ನೋಡಿದಳು.

“ಮುಖಕ್ಕೆ ಹಿಟ್ಟು ಬಳ್ಕಂಡು ಬಂದ್ರೆ ಯಾರು ಹೆದರ್ತಾರಲೇ?” ಎಂದು ಮೊಮ್ಮಗನನ್ನು ಬೈದಳು. “ಈ ಹುಡುಗಿ ನೋಡು, ಸಂತೆಗೆ ಹೊಂಟಂಗೆ ಕೈ ಬೀಸ್ಕಂಡು ನಡೀತಾಳೆ. ಹೆದರಿದೋಳು ಹಂಗೆ ನಡೀತಾಳೇನು?” ಆಮೇಲೆ ತೆರೆಯ ಕಡೆ ಬೆರಳು ತೋರಿಸಿ ಹೇಳಿದಳು: “ಆ ತಾಯಿ ಕರೀತಾಳಲ್ಲ, ಅದೊಂದು ಎದೆಗೆ ಬಂತು ನೋಡ್ರವ್ವ.”

“ಯಾವ ತಾಯಿ ಅಜ್ಜಿ?” ಅಂದೆ.

“ಬಾಗ್ಲತ್ರ ನಿಂತಾಗ ಒಳಗಿಂದ ಕರೀತಾಳಲ್ಲ, ‘ಹೊತ್ತಾತು ಬಾರವ್ವ’ ಅಂತ.”

ನಾವು ಮುಖ ಮುಖ ನೋಡಿಕೊಂಡೆವು. ಟ್ರೇಲರ್‌ನಲ್ಲಿ ಮಾತೇ ಇರಲಿಲ್ಲ. ಅಜ್ಜಿಗೆ ಕಿವಿ ಮಂದ, ಪಕ್ಕದ ಮನೆಯಲ್ಲಿ ಯಾರೋ ಕೂಗಿರಬೇಕು ಎಂದ ತಿಪ್ಪೇಶ. ನಾನೂ ಹಾಗೇ ಅಂದುಕೊಂಡೆ. ಆದರೆ ಆಕೆಯ ಉಳಿದ ಮಾತುಗಳು ಚುಚ್ಚಿದವು. ದೆವ್ವವನ್ನು ಕಿತ್ತು ಹಾಕಿದೆವು. ಮತ್ತೆ ತುರುವನೂರಿಗೆ ಹೋಗಿ ಶಾಹೀನಾಳ ನಡಿಗೆಯನ್ನು ಹೊಸದಾಗಿ ಚಿತ್ರಿಸಿದೆವು. ಈ ಸಲ ಅವಳು ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದು ಹೆಜ್ಜೆಗೂ ನಿಂತು ನಡೆದಳು.

ಈ ಎರಡನೆಯ ಟ್ರೇಲರನ್ನು ಹೊಳಲ್ಕೆರೆಗೆ ಒಯ್ದೆವು. ಅಲ್ಲಿ ಶಾಹೀನಾಳ ಸೋದರಮಾವ ಟೈಲರ್ ಅಂಗಡಿ ಇಟ್ಟಿದ್ದರು. ಮಟಮಟ ಮಧ್ಯಾಹ್ನ, ಹೊಲಿಗೆ ಯಂತ್ರ ನಿಲ್ಲಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡೇ ನೋಡಿದರು.

“ಪರದೆ ಮ್ಯಾಲೆ ಅಕ್ಷರ ಜಾಸ್ತಿ ಆತಮ್ಮ. ಓದೋದ್ರೊಳಗೆ ಓಡಿಹೋಗ್ತವೆ. ಮ್ಯೂಸಿಕ್ಕೂ ಅಷ್ಟು ಬ್ಯಾಡ, ಆ ಹುಡುಗಿ ಉಸಿರು ಕೇಳ್ಬೇಕು” ಅಂದರು. ಆಮೇಲೆ ಶಾಹೀನಾಳ ಕಡೆ ತಿರುಗಿ, “ಒಳಗಡೆ ಒಬ್ರು ಅಮ್ಮ ಮಗೂನ ಕರೀತಾರಲ್ಲ, ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಅದೇ ಜೀವ” ಅಂದರು.

ಶಾಹೀನಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮಾಡದಕೆರೆಯ ವಿಷಯ ಅವರಿಗೆ ಹೇಳಿದ್ದೀಯಾ ಎಂದು ಕಣ್ಣಲ್ಲೇ ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

ಕಾಲೇಜಿಗೆ ಬಂದವಳೇ ಕಂಪ್ಯೂಟರ್ ಮುಂದೆ ಕೂತೆ. ಬಾಗಿಲ ಮುಂದಿನ ಆ ಕೆಲವು ಕ್ಷಣಗಳ ಧ್ವನಿಯನ್ನು ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಏರಿಸಿ ಕೇಳಿದೆ, ನಿಧಾನ ಮಾಡಿ ಕೇಳಿದೆ. ಹೊಲದ ಮೇಲಿನ ಗಾಳಿಯ ಸದ್ದು, ಶಾಹೀನಾಳ ಉಸಿರು, ಅಷ್ಟೇ. ತಿಪ್ಪೇಶ ಹೆದರಿದ್ದ. “ಈ ಜಾಗನೇ ಬ್ಯಾಡ, ಬೇರೆ ಕಡೆ ಶೂಟ್ ಮಾಡಾಣ” ಅಂದ. ನಾನು ಒಪ್ಪಲಿಲ್ಲ. ಜನ ಏನು ಕೇಳಿಸಿಕೊಂಡರೋ ತಿಳಿಯದು, ಆದರೆ ಎಲ್ಲಿ ಉಸಿರು ಬಿಗಿ ಹಿಡಿದರು ಎಂಬುದು ನನಗೆ ತಿಳಿದಿತ್ತು. ಅಲ್ಲಿಗೆ ಬರುವವರೆಗಿನ ಸಂಗೀತವನ್ನೂ ಪೂರಾ ತೆಗೆದೆ. ಅಕ್ಷರಗಳನ್ನು ತೆಗೆದೆ. ಬಾಗಿಲು ತೆರೆಯುವುದನ್ನೂ ತೆಗೆದೆ. ಹುಡುಗಿ ನಿಂತಿರುತ್ತಾಳೆ, ಬಾಗಿಲು ಮುಚ್ಚಿರುತ್ತದೆ, ತೆರೆ ಕಪ್ಪಾಗುತ್ತದೆ. ದನಿಯನ್ನು ನಾವೇ ಸೇರಿಸೋಣವೇ ಎಂದು ಶಾಹೀನಾ ಕೇಳಿದಳು. ಬೇಡವೆಂದೆ.

ಕೊನೆಯ ಪ್ರದರ್ಶನ ಒಂದು ಶನಿವಾರ ಬೆಳಗ್ಗೆ ಕಾಲೇಜಿನ ಸಭಾಂಗಣದಲ್ಲಿ. ಮನೆಯವರನ್ನು ಕರೆಯಬಹುದು ಅಂದಿದ್ದರು. ಅವ್ವ ಕೂಲಿ ಬಿಟ್ಟು, ಮದುವೆಗೆ ಉಡುವ ಸೀರೆ ಉಟ್ಟು, ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ನಮ್ಮ ಟ್ರೇಲರ್ ಶುರುವಾಯಿತು. ಹಿಂದೆ ನಕ್ಕಿದ್ದ ಹುಡುಗರೇ ಮುಂದಿನ ಸಾಲಿನಲ್ಲಿದ್ದರು. ಬಾಗಿಲ ಹತ್ತಿರ ಬಂದಾಗ ಇಡೀ ಸಭಾಂಗಣ ಕಲ್ಲಾಯಿತು. ತೆರೆ ಕಪ್ಪಾದ ಮೇಲೂ ಯಾರೂ ಅಲುಗಾಡಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ. ಮೇಷ್ಟ್ರು ಎದ್ದು ನಿಂತು, “ಇವರು ಜನ ಹೇಳಿದ್ದನ್ನ ಕೇಳಿದ್ರು” ಎಂದಷ್ಟೇ ಹೇಳಿದರು. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊರಗೆ ಬಂದಾಗ ಅವ್ವ ನಗುತ್ತ ನನ್ನ ಕೆನ್ನೆ ತಿವಿದಳು. “ಅಲ್ಲ ಕಣೇ, ನನ್ ದನಿ ಯಾವಾಗ ತುಂಬ್ಕಂಡೆ? ಮೊದ್ಲೇ ಹೇಳಿದ್ರೆ ಗಂಟ್ಲಾದ್ರೂ ಸರಿ ಮಾಡ್ಕಂತಿದ್ದೆ.”

ಅವಳ ಕೈ ಹಿಡಿದು ನಿಲ್ಲಿಸಿದೆ. “ಏನಂತ ಕರ್ದೆ ಅವ್ವ ನೀನು?” ಎಂದು ಕೇಳಿದೆ.

“ಇನ್ನೇನು, ದಿನಾ ಕರೆಯಂಗೆ. ಹೊತ್ತಾತು ಬಾರವ್ವ ಅಂತ.” ಸುತ್ತ ನಿಂತವರೆಲ್ಲ ಕೇಳುವಷ್ಟು ಜೋರಾಗಿ ಮತ್ತೆ ಹೇಳಿದಳು: “ನನ್ ಮಗ್ಳು ಮಾಡಿದ್ದು. ಅದ್ರಾಗೆ ನಾನೂ ಇದೀನಿ.”

ಶಾಹೀನಾ ಮತ್ತು ತಿಪ್ಪೇಶ ಪಕ್ಕದಲ್ಲೇ ಇದ್ದರು. ಮೂವರೂ ಅವಳನ್ನು ಬಸ್ಸು ಹತ್ತಿಸಿ ಬಂದೆವು.

ಮನೆಯಲ್ಲಿ ಬಿ.ಎಡ್. ಮಾತು ಅಲ್ಲಿಗೆ ನಿಂತಿತು. ಎಡಿಟಿಂಗ್ ಕಲಿತೆ, ಇವತ್ತು ಅದೇ ನನ್ನ ಕೆಲಸ. ಮನೆಗೆ ನೆಂಟರು ಬಂದರೆ ಅವ್ವ ಈಗಲೂ ಆ ಟ್ರೇಲರ್ ಹಾಕಿಸುತ್ತಾಳೆ. ಕೆಲವರು ‘ಹೌದೇ, ನಿನ್ನ ದನೀನೇ’ ಅನ್ನುತ್ತಾರೆ. ಕೆಲವರು ಏನೂ ಕೇಳಿಸದೆ ನನ್ನ ಮುಖ ನೋಡುತ್ತಾರೆ. ಅವ್ವ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಎಲ್ಲರಿಗೂ ಕೇಳಿಸಿತೇ ಎಂದು ಒಬ್ಬೊಬ್ಬರನ್ನೇ ನೋಡುತ್ತಾಳೆ. ಆ ಜಾಗ ಬಂದಾಗ ನಾನೂ ಪ್ರತಿ ಸಲ ಉಸಿರು ಬಿಗಿ ಹಿಡಿದು ಕಿವಿಗೊಡುತ್ತೇನೆ. ನನಗೆ ಇವತ್ತಿನವರೆಗೂ ಅದು ಕೇಳಿಸಿಲ್ಲ.