ತವರಿಗೆ ಹೊರಟ ಬ್ಯಾಟರಿ

ನನ್ನ ಹೆಂಡತಿಯ ತವರು ದಹಿಸರ್. ನಾವಿರುವುದು ಘಾಟ್ಕೋಪರಿನಲ್ಲಿ. ಎರಡೂ ಮುಂಬಯಿಯೊಳಗೇ. ನಮ್ಮ ಕಡೆಯ ಬೇರೆ ಹೆಂಗಸರಂತೆ ಅವಳು ತವರಿಗೆ ಹೋಗಲು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಿಲ್ಲ. ಬೆಳಿಗ್ಗೆ ಹೊರಟು ಲೋಕಲ್ ರೈಲು ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ತಮ್ಮನ ಮನೆಯಲ್ಲಿರಬಹುದು. ಇಷ್ಟು ಹತ್ತಿರದ ತವರಿಗೆ ಅವಳು ಮೂರು ವರ್ಷದಿಂದ ಕಾಲಿಟ್ಟಿರಲಿಲ್ಲ.

ವಯಸ್ಸಿದ್ದಾಗ ಅವಳು ಬಿಲ್ಡಿಂಗ್ ಕೆಲಸಕ್ಕೆ ಹೋದವಳು. ಹೊತ್ತ ಸಿಮೆಂಟು, ಜರಡಿ ಹಿಡಿದ ಉಸುಕು ಅರ್ಧದಷ್ಟು ಗೋಡೆಗೆ ಹೋದರೆ ಇನ್ನರ್ಧ ಅವಳ ಎದೆಯಲ್ಲೇ ಉಳಿದಂತಾಯಿತು. ಈಗ ಮೂಗಿಗೆ ನಳಿಕೆ, ಪಕ್ಕದಲ್ಲಿ ಆಕ್ಸಿಜನ್ ಮಶೀನು. ಅದು ಗೋಡೆಯ ಕರೆಂಟಿನ ಮೇಲೆ ನಡೆಯುವಂಥದ್ದು, ಹಗಲು ರಾತ್ರಿ ಗುಂಯ್ ಎನ್ನುತ್ತಿರಬೇಕು. ಒಂದು ಮಳೆಗಾಲದಲ್ಲಿ ನಮ್ಮ ಗಲ್ಲಿಯ ಮೀಟರ್ ಡಬ್ಬಿಗೆ ನೀರು ಹೊಕ್ಕು ಕರೆಂಟು ಹೋಯಿತು. ಮಶೀನು ಕಿರುಚತೊಡಗಿತು. ಆಕ್ಸಿಜನ್ ಸಿಲಿಂಡರ್ ಬರುವವರೆಗೆ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ರೀತಿ ನೋಡಿದ ಮೇಲೆ ನಾನು ಸುಮ್ಮನಿರಲಿಲ್ಲ. ಮನೆಯ ಮೇಲಿನ ತಗಡಿನ ಪತ್ರಾದ ಮೇಲೆ ಸೋಲಾರ್ ಹಲಗೆಗಳನ್ನು ಹಾಕಿಸಿದೆ, ಗೋಡೆಗೆ ಲಿಥಿಯಂ ಬ್ಯಾಟರಿ ಕೂರಿಸಿದೆ. ಹಗಲು ಬಿಸಿಲು ಕುಡಿದು ರಾತ್ರಿ ಉಸಿರು ಕೊಡುವ ಡಬ್ಬಿ ಅದು. ಗಲ್ಲಿಯಲ್ಲಿ ಕತ್ತಲಾದರೂ ನಮ್ಮ ಮನೆಯಲ್ಲಿ ಗುಂಯ್ ನಿಲ್ಲಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ವಡಾಲದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿಗೆ ಸೇರಿ, ಕಬ್ಬಿಣ ಹಿಡಿದುಕೊಂಡು ನಿಲ್ಲುವುದರಿಂದ ಶುರುಮಾಡಿ, ವೆಲ್ಡಿಂಗ್ ಕಲಿತು, ಕೊನೆಗೆ ನನ್ನದೇ ಸಣ್ಣ ಜಾಗ ಮಾಡಿಕೊಂಡೆ. ನಾನು ಕಟ್ಟಿದ ಬಾಡಿಯಿಂದ ಸದ್ದು ಬರುತ್ತದೆ ಎಂದು ಇದುವರೆಗೆ ಯಾವ ಡ್ರೈವರನೂ ವಾಪಸು ಬಂದಿಲ್ಲ. ಯಾರ ಮುಂದೆಯೂ ಕೈಚಾಚಿದವನೂ ನಾನಲ್ಲ. ಇದನ್ನು ಈಗ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ಬೇಸಿಗೆಯ ಆ ದಿನ ಈ ಜಂಬ ಬಹಳ ಅಡ್ಡ ಬಂತು.

ಹೆಂಡತಿಯ ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ಆ ಹುಡುಗಿ ಚಿಕ್ಕವಳಿದ್ದಾಗ ಅವಳ ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಮಗು ಬೆಳೆದದ್ದು ನಮ್ಮ ಮನೆಯಲ್ಲಿ, ನನ್ನ ಹೆಂಡತಿಯ ಸೊಂಟದ ಮೇಲೆ. ನಮಗೆ ಬೇರೆ ಮಕ್ಕಳಿಲ್ಲ. ಮೇಲಾಗಿ ನಮ್ಮ ಮಂದಿಯಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆ. ಆದರೆ ಭಾವಮೈದುನನ ಮನೆ ಇರುವುದು ಅಟ್ಟದ ಮೇಲೆ. ಕಬ್ಬಿಣದ ನಿಚ್ಚಣಿಕೆಯಂಥ ಮೆಟ್ಟಿಲು. ಗಟ್ಟಿ ಆಳಿಗೇ ಏದುಸಿರು ಬರುತ್ತದೆ, ಇನ್ನು ಅವಳ ಮಾತೇನು?

"ಆಂಬುಲೆನ್ಸ್ ಮಾಡಸ್ತೀನಿ, ಆರಾಮ ಮಲ್ಕೊಂಡು ಹೋಗೂಣು," ಅಂದೆ.

"ಏನಂದ್ರಿ? ಮದವಿ ಹಂದರದ ಮುಂದ ಆಂಬುಲೆನ್ಸ್ ನಿಲ್ಲಸ್ತೀರಿ? ಬಾಗಲಾ ತಗಿಯೂದ್ರಾಗ ಹೆಂಗಸ್ರು ಬಾಯಿ ಬಡಕೊಳ್ಳಾಕ ಸುರು ಮಾಡ್ತಾರ. ತವರಿಗೆ ಹಂಗ ಹೋಗೂದಿದ್ರ ನಾ ಇಲ್ಲೇ ಇರ್ತೀನಿ. ಫೋನಿನ್ಯಾಗ ನೋಡ್ತೀನಿ."

"ಫೋನಿನ್ಯಾಗ ಅಕ್ಕಿಕಾಳು ಹೆಂಗ ಒಗೀತಿ?"

"ಅದನ್ನ ನೀವ ವಿಚಾರ ಮಾಡ್ರಿ. ಜಗತ್ತಿನ ಲಾರಿಗೆಲ್ಲಾ ಮನಿ ಕಟ್ಟಾವ್ರು ನೀವು."

ಚುಚ್ಚಿದ್ದು ಸರಿಯಾದ ಜಾಗಕ್ಕೇ ಬಿತ್ತು. ನನ್ನ ಗ್ಯಾರೇಜಿನ ಹಿಂದೆ ಒಂದು ಹಳೆಯ ಸ್ಕೂಲ್ ವ್ಯಾನ್ ನಿಂತಿತ್ತು. ಅದರ ಸೀಟು ಕಿತ್ತೆ. ಒಳಗೆ ತಗಡಿನ ಕೆಳಗೆ ಥರ್ಮಾಕೋಲು ಹಾಕಿ ಪ್ಲೈವುಡ್ ಬಡಿದೆ. ಒಂದು ಮಂಚ, ಒಂದು ಫ್ಯಾನು, ಕಿಟಕಿಗೆ ಪರದೆ, ಮಶೀನು ಅಲುಗದಂತೆ ಕಬ್ಬಿಣದ ಗೂಡು, ಮೂಲೆಯಲ್ಲಿ ಪರದೆಯ ಹಿಂದೆ ಅವಳ ಅನುಕೂಲದ ಜಾಗ. ಟಾಪಿನ ಮೇಲೆ ಎರಡು ಸೋಲಾರ್ ಹಲಗೆ. ಮನೆಯ ಗೋಡೆಯಿಂದ ಬ್ಯಾಟರಿ ಬಿಚ್ಚಿ, ನಟ್ಟು ಬಿಗಿದರೆ ವ್ಯಾನಿನಲ್ಲಿ ಗಟ್ಟಿಯಾಗಿ ಕೂರುವಂತೆ ತೊಟ್ಟಿಲು ಮಾಡಿದೆ. ವಿದೇಶದ ಜನ ಗಾಡಿಯಲ್ಲೇ ಮನೆ ಮಾಡಿಕೊಂಡು ಊರೂರು ತಿರುಗುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಅವರದು ಶೋಕಿ. ನಮ್ಮದು ಎರಡು ದಿನದ ತವರು. ಡಾಕ್ಟರು ಕೇಳಿ ನಕ್ಕರು. ಆಮೇಲೆ ಒಂದು ಸಣ್ಣ ಸಿಲಿಂಡರು ಜೊತೆಗಿರಲಿ, ಅದು ದಾರಿಗೆ ಮಾತ್ರ ಎಂದು ಹೇಳಿ ಒಪ್ಪಿದರು.

ಅರಿಶಿನದ ದಿನ ಬೆಳಿಗ್ಗೆ ದಹಿಸರಿನ ಆ ಗಲ್ಲಿಯ ಬಾಯಲ್ಲಿ, ಹಂದರಕ್ಕೆ ಬಾಗಿಲು ಮುಖಮಾಡಿ, ವ್ಯಾನು ನಿಲ್ಲಿಸಿದೆ. ಹುಡುಗಿ ಓಡಿ ಬಂದು ಮಂಚದ ಮೇಲೆ ಕೂತಳು. ನನ್ನ ಹೆಂಡತಿ ಅರಿಶಿನದ ಬಟ್ಟಲಲ್ಲಿ ಕೈ ಅದ್ದಿ ಅವಳ ಕೆನ್ನೆಗೆ ಹಚ್ಚಿದಳು. ಹೊರಗೆ ಹೆಂಗಸರು ಹಾಡಿದರು. ಇವಳು ಒಳಗಿನಿಂದ ಒಂದು ಸಾಲು ಹಾಡಿ, ಎರಡು ಸಾಲು ಉಸಿರು ತೆಗೆದುಕೊಂಡು, ಮತ್ತೆ ಒಂದು ಸಾಲು ಹಾಡಿದಳು. ಅವಳ ಮುಖ ನೋಡಿ ನನಗೆ ವ್ಯಾನಿನ ಒಂದೊಂದು ವೆಲ್ಡಿಂಗಿನ ದಣಿವೂ ಇಳಿದುಹೋಯಿತು.

ಭಾವಮೈದುನ ಬಂದು, "ಮಾಮಾ, ಮ್ಯಾಲಿನ ಮನಿಯಿಂದ ಒಂದು ವೈರ್ ಎಳದು ಕೊಡ್ತೀನಿ, ತಡೀರಿ," ಅಂದ.

"ಬ್ಯಾಡೋ ಮಾರಾಯಾ. ಇದು ಸೂರ್ಯಾನ ಕರೆಂಟ್. ಬೇಕಂದ್ರ ನಾನ ನಿನಗ ಕೊಡ್ತೀನಿ."

ಕೊಟ್ಟೇಬಿಟ್ಟೆ. ಅಡುಗೆಯವರ ಮಿಕ್ಸರಿಗೆ ಕೊಟ್ಟೆ. ಹಿರಿಯರು ಕೂತಲ್ಲಿಗೆ ಟೇಬಲ್ ಫ್ಯಾನಿಗೆ ಕೊಟ್ಟೆ. ಬಂದವರ ಮೊಬೈಲುಗಳೆಲ್ಲ ನಮ್ಮ ಮೆಟ್ಟಿಲ ಮೇಲೆ ಹಂದಿಮರಿಗಳ ಹಾಗೆ ಸಾಲಾಗಿ ಕರೆಂಟು ಕುಡಿಯುತ್ತ ಮಲಗಿದವು. ಸಂಜೆ ಹಾಡಿನ ಸ್ಪೀಕರಿಗೂ ಕೊಟ್ಟೆ. ಹೆಂಡತಿಯ ಕಾಕಾ ಒಬ್ಬರು, ಹಲ್ಲಿಲ್ಲದ ಮುದುಕರು, ಮೆಟ್ಟಿಲ ಬಳಿ ಬಂದು ಕೇಳಿದರು:

"ಏನ ಅಳಿಯಾ, ನಿಮ್ಮ ಸೂರ್ಯಾ ರಾತ್ರಿ ಡ್ಯೂಟಿನೂ ಮಾಡ್ತಾನೇನು?"

"ಓವರ್‌ಟೈಮ್ ಮಾಡ್ತಾನ್ರಿ ಕಾಕಾ."

ಮರುದಿನ ಬೆಳಿಗ್ಗೆ ಎದ್ದು ಬ್ಯಾಟರಿಯ ಮೇಲಿನ ಪಟ್ಟಿ ನೋಡಿದೆ. ತುಂಬಿದ್ದಾಗ ಅದರಲ್ಲಿ ಗೆರೆಗಳ ಸಾಲೇ ಹೊಳೆಯುತ್ತದೆ. ಈಗ ಕೊನೆಯ ಗೆರೆ ಮಿಣುಕುತ್ತಿತ್ತು. ರಾತ್ರಿ ಖರ್ಚಾದದ್ದು ಸರಿ, ಆದರೆ ನಿನ್ನೆ ಇಡೀ ಮಧ್ಯಾಹ್ನದ ಬಿಸಿಲು ಎಲ್ಲಿ ಹೋಯಿತು? ಹೊರಗೆ ಬಂದು ತಲೆಯೆತ್ತಿದೆ. ಟಾಪಿನ ಮೇಲೆ ಕೆಂಪು ಹಳದಿ ಪಟ್ಟೆಯ ಹಂದರದ ಬಟ್ಟೆ ದಪ್ಪಗೆ ಹರಡಿ ಬಿಗಿದು ಕಟ್ಟಿತ್ತು. ನಿನ್ನೆ ಅದನ್ನು ನಾನೂ ಕಂಡಿದ್ದೆ. ತಂಪಾಯಿತಲ್ಲ ಎಂದು ಊಟವಾದ ಮೇಲೆ ಅದರ ನೆರಳಲ್ಲೇ ಒಂದು ನಿದ್ದೆಯನ್ನೂ ತೆಗೆದಿದ್ದೆ. ಹಂದರ ಇದ್ದಲ್ಲಿ ನೆರಳು ಇರುತ್ತದೆ, ಅದರಲ್ಲಿ ನೋಡುವುದೇನು?

"ಇದನ್ನ ಯಾರ ಕಟ್ಟಿದ್ರು?"

ಭಾವಮೈದುನ ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ನೊರೆ ಇಟ್ಟುಕೊಂಡೇ ಹೆಮ್ಮೆಯಿಂದ ಹೇಳಿದ: "ನಾನ ಹೇಳಿ ಕಟ್ಟಿಸ್ನಿ ಮಾಮಾ. ಮೂರು ವರ್ಷಕ್ಕ ಬಂದಾಳ, ಅಕ್ಕಗ ಬಿಸಲ ಬಡೀಬಾರದು ಅಂತ."

ವಿಷಯ ತಿಳಿಸಿದಾಗ ಅವನ ಕೈಯಿಂದ ಬ್ರಶ್ಶು ಬಿತ್ತು. ಒಳಗಿನಿಂದ ಅವನ ಅಕ್ಕನ ನಗು ಕೇಳಿಸಿತು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ಖೋಡಿ, ನನಗ ನೆರಳ ಮಾಡಾಕ ಹೋಗಿ ಸೂರ್ಯಾಗ ಮುಸುಕು ಹಾಕಿದಿ?"

ಬಟ್ಟೆಯನ್ನು ಕೂಡಲೇ ಬಿಚ್ಚಿದೆವು. ಆದರೆ ಬೆಳಗಿನ ಓರೆ ಬಿಸಿಲಿನಲ್ಲಿ ಬರುವುದಕ್ಕಿಂತ ಮಶೀನು ತಿನ್ನುವುದೇ ಹೆಚ್ಚು. ಇರಲಿ, ಜಂಬ ಪಕ್ಕಕ್ಕಿಟ್ಟು ಮೇಲಿನ ಮನೆಯ ವೈರನ್ನೇ ತೆಗೆದುಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ಗಲ್ಲಿಯ ತುಂಬ ಕೂಗು ಎದ್ದಿತು. ನೆಲದೊಳಗಿನ ಕೇಬಲ್ ಸುಟ್ಟು ಆ ಸಾಲಿನ ಎಲ್ಲ ಮನೆಗಳ ಲೈಟು ಹೋಗಿತ್ತು. ರಿಪೇರಿಯವರು ಬಂದು ಅಗೆಯಬೇಕು, ಮಧ್ಯಾಹ್ನ ದಾಟುತ್ತದೆ ಅಂದರು. ತಾಳಿ ಕಟ್ಟಿ ಅಕ್ಕಿಕಾಳು ಬೀಳುವುದು ಮಧ್ಯಾಹ್ನದ ಹೊತ್ತಿಗೆ.

ಒಂದೇ ದಾರಿ ಉಳಿಯಿತು. ಬ್ಯಾಟರಿ ಪೂರ್ತಿ ಖಾಲಿಯಾಗುವ ಮೊದಲೇ ಹೊರಟು, ಸಿಲಿಂಡರಿನ ಮೇಲೆ ಘಾಟ್ಕೋಪರ್ ಮುಟ್ಟುವುದು. ಸಿಲಿಂಡರನ್ನು ಇಲ್ಲೇ ಖಾಲಿ ಮಾಡಿದರೆ ದಾರಿಗೆ ಏನೂ ಇರುವುದಿಲ್ಲ. ನಾನು ಹೇಳಿದೆ. ಅವಳು ಬೇಡ ಅನ್ನಲಿಲ್ಲ. ಹೊಸ ಹಸಿರು ಬಳೆಯ ಕೈಯಲ್ಲಿ ಅಕ್ಷತೆಯ ಬಟ್ಟಲು ಹಿಡಿದು ಕೂತಿದ್ದಳು. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಬಟ್ಟಲನ್ನು ತಮ್ಮನ ಕೈಗೆ ಕೊಟ್ಟು, "ನನ್ನ ಪಾಲಿಂದು ನೀನ ಒಗಿ," ಅಂದಳು, ಅಷ್ಟೆ. ಅವನು ಬಟ್ಟಲು ಹಿಡಿದು ಅಲ್ಲೇ ನೆಲಕ್ಕೆ ಕೂತುಬಿಟ್ಟ.

ನಾನು ಚಾವಿ ಹಾಕಿ ಗಾಡಿ ತಿರುಗಿಸುತ್ತಿರುವಾಗ ಗಂಡಿನ ಕಡೆಯವರು ಬಂದರು. ಮುಂದೆ ಹೂವಿನಿಂದ ಮುಚ್ಚಿಹೋದ ಕಾರು. ಸದ್ದಿಲ್ಲದೆ ಬಂದು ನಿಂತಿತು. ಓಡಿಸುತ್ತಿದ್ದವನು ಮದುಮಗನ ಅಣ್ಣ. ಸ್ವಂತ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡು ಆಫೀಸಿನವರನ್ನು ಕರೆದೊಯ್ಯುವ ಕೆಲಸ ಅವನದು. ಕೆಳಗಿಳಿದು ನನಗೆ, "ಕಾಕಾ, ನಾವು ಬರೂದ್ರಾಗ ನೀವ ಹೊಂಟ್ರಿ?" ಅಂದ.

ಹೆಣ್ಣಿನ ಕಡೆಯವರು ಬೀಗರಿಗೆ ಕೊಡಬೇಕು, ಬೀಗರಿಂದ ಕೇಳಬಾರದು. ಅದೂ ತಾಳಿ ಕಟ್ಟುವ ಮೊದಲು. "ಏನಿಲ್ಲ, ಗಾಡಿ ಒಂಚೂರು ಸರಸ್ತೀನಿ," ಅಂದೆ.

ಒಳಗಿನಿಂದ ಹೆಂಡತಿ ಕೂಗಿದಳು. "ಅಪಾ, ಇಲ್ಲಿ ಬಾ. ನನ್ನ ಗಂಡ ಹುಟ್ಟಿದಾಗಿಂದ ಯಾರಿಗೂ ಏನೂ ಕೇಳಿಲ್ಲ, ಈಗೂ ಕೇಳೂದಿಲ್ಲ. ನಾ ಕೇಳ್ತೀನಿ. ನಿಂದು ಕರೆಂಟಿನ ಗಾಡಿ ಅಲಾ? ಅದರಾಗಿಂದ ನನಗ ಎರಡು ತಾಸಿಂದು ಕೊಡ್ತಿಯೇನು?"

ನನಗೆ ನಾಚಿಕೆಯಾಯಿತು. ಕಾರು ಕರೆಂಟು ಕುಡಿಯುತ್ತದೆ, ಕೊಡುತ್ತದೆಯೇ? ನೆರೆಮನೆಯ ಮಿಕ್ಸರು ಕೇಳುವ ಹಾಗೆ ಕಾರಿನ ಕರೆಂಟು ಕೇಳುತ್ತಾಳಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಹುಡುಗ, "ಅಷ್ಟ ಅಲೇನ್ರಿ ಅತ್ತಿ?" ಎಂದು ಡಿಕ್ಕಿ ತೆಗೆದ. ಹಣ್ಣಿನ ಬುಟ್ಟಿಗಳ ಕೆಳಗಿನಿಂದ ಒಂದು ದಪ್ಪ ಕೇಬಲ್ ಎಳೆದ. ಒಂದು ತುದಿಯನ್ನು ಕಾರು ಚಾರ್ಜ್ ಮಾಡುವ ಜಾಗಕ್ಕೇ ಚುಚ್ಚಿದ. ಇನ್ನೊಂದು ತುದಿಯಲ್ಲಿ ಮನೆಯ ಗೋಡೆಯಲ್ಲಿರುವಂಥದೇ ಪ್ಲಗ್ ಪಾಯಿಂಟು. ಕರೆಂಟು ಅಳೆಯುವ ನನ್ನ ಮೀಟರ್ ಹಚ್ಚಿ ನೋಡಿದೆ. ಮನೆಯ ಕರೆಂಟಿನಷ್ಟೇ, ಒಂಚೂರೂ ಕುಣಿಯದೆ ನಿಂತಿತ್ತು. ಮಶೀನಿನ ಪಿನ್ನು ಅದಕ್ಕೆ ಹಾಕಿದೆ. ಗುಂಯ್ ಎಂದಿತು. ಭಾವಮೈದುನ ನೆಲದಿಂದ ಎದ್ದ.

ಆಗ ಮದುಮಗನ ತಾಯಿ ಹಣೆ ಗಂಟಿಕ್ಕಿದರು. ಮಾರುತಿ ಮಂದಿರಕ್ಕೆ ಹೋಗಿ ಅಲ್ಲಿಂದ ಮೆರವಣಿಗೆಯಲ್ಲಿ ಹಂದರಕ್ಕೆ ಬರಬೇಕಾದ ಕಾರು ಈಗ ಹಸುವಿನ ಹಾಗೆ ನಮ್ಮ ವ್ಯಾನಿಗೆ ಕಟ್ಟಿಹಾಕಿಸಿಕೊಂಡಿತ್ತು.

"ಅಷ್ಟು ಹೂವು ಕಟ್ಟಿಸೇವಿ. ಮದುಮಗ ನಡಕೋತ ಬರಬೇಕೇನು?"

ಮದುಮಗ ಮುಂಬಯಿಯಲ್ಲೇ ಹುಟ್ಟಿದವನು, ಕನ್ನಡ ತಡವರಿಸುತ್ತಾನೆ. ಬಾಸಿಂಗದ ದಾರ ಸರಿಮಾಡಿಕೊಳ್ಳುತ್ತ ಇಳಿದ. "ಅರೆ ಅವ್ವಾ, ಪೈದಲ್ ಬರ್ತೀನಿ. ಲೋಕಲ್‌ನ್ಯಾಗ ಡೇಲಿ ನಿಂತು ಹೋಗ್ತೀನಿ, ಇವತ್ತ ಏನ್ ಆಗ್ತದ? ಅತ್ತಿ ಕೂಡ್ಲಿ."

ಅವನು ಮೇ ತಿಂಗಳ ಬಿಸಿಲಲ್ಲಿ, ಹೊಸ ಬೂಟಿನಲ್ಲಿ, ಮಂದಿರದಿಂದ ಹಂದರದವರೆಗೆ ನಡೆದೇ ಬಂದ. ಅಣ್ಣ ಪಕ್ಕದಲ್ಲಿ ಕೊಡೆ ಹಿಡಿದಿದ್ದ. ಬೆವರಿಗೆ ಹಣೆಯ ಕುಂಕುಮ ಮೂಗಿನವರೆಗೆ ಇಳಿದಿತ್ತು. ಆ ಮುಖ ನೋಡಿದಾಗ, ನಮ್ಮ ಹುಡುಗಿ ಸರಿಯಾದ ಮನೆಗೇ ಹೋಗುತ್ತಿದ್ದಾಳೆ ಎಂದು ನನಗೆ ಧೈರ್ಯ ಬಂತು. ಜಾತಕ, ನೌಕರಿ ವಿಚಾರಿಸಿದಾಗಲೂ ಆ ಧೈರ್ಯ ಬಂದಿರಲಿಲ್ಲ.

ತಾಳಿ ಕಟ್ಟುವ ಹೊತ್ತಿಗೆ ನಾನು ಅವಳ ರಟ್ಟೆ ಹಿಡಿದು ವ್ಯಾನಿನ ಬಾಗಿಲಲ್ಲಿ ನಿಲ್ಲಿಸಿದೆ. ಅಕ್ಷತೆ ಎಸೆದಳು. ಹಂದರದ ಅರ್ಧಕ್ಕೂ ಮುಟ್ಟಲಿಲ್ಲ, ಎಲ್ಲ ಕಾಕಾನ ರುಮಾಲಿನ ಮೇಲೆ ಬಿತ್ತು.

"ಏ ಮಗಳ, ನಂದು ಮದವಿ ಆಗಿ ಬಾಳ ದಿನ ಆತು!" ಎಂದು ಮುದುಕರು ತಿರುಗಿ ಕೂಗಿದರು.

"ಇನ್ನೊಮ್ಮೆ ಆಗ್ರಿ ಕಾಕಾ, ಕರೆಂಟ್ ಅದ ಈಗ!" ಎಂದಳು ನನ್ನವಳು. ಹಂದರವೇ ನಕ್ಕಿತು.

ಗಂಡು ಹೆಣ್ಣು ಇಬ್ಬರೂ ಕೈ ಹಿಡಿದುಕೊಂಡು ವ್ಯಾನಿನ ಮೆಟ್ಟಿಲವರೆಗೆ ಬಂದು ತಲೆ ಬಾಗಿಸಿದರು. ಬಟ್ಟಲಲ್ಲಿ ಉಳಿದ ಕಾಳನ್ನೆಲ್ಲ ಅವಳು ಇಬ್ಬರ ನೆತ್ತಿಯ ಮೇಲೆ ಸುರಿದಳು. ಆಮೇಲೆ ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕೆನ್ನೆಗೆ ಅಂಟಿದ್ದ ಒಂದು ಕಾಳನ್ನು ಹೆಬ್ಬೆರಳಿನಿಂದ ಸರಿಸಿದಳು.

ಊಟ ಮುಗಿಯುವ ಹೊತ್ತಿಗೆ ನೆತ್ತಿಯ ಬಿಸಿಲು ಕುಡಿದು ಬ್ಯಾಟರಿ ತುಂಬತೊಡಗಿತ್ತು. ಮಶೀನನ್ನು ಮತ್ತೆ ನಮ್ಮ ಬ್ಯಾಟರಿಗೆ ಹಾಕಿದೆ. ಮದುಮಗನ ಅಣ್ಣ ಕಾರಿನ ಪಕ್ಕ ನಿಂತಿದ್ದ. ಅವನಿಗೆ ಏನಾದರೂ ಹೇಳಬೇಕು ಎಂದು ಎರಡು ಸಲ ಹತ್ತಿರ ಹೋದೆ. ನಮ್ಮ ಮಂದಿಯಲ್ಲಿ ಥ್ಯಾಂಕ್ಯೂ ಅನ್ನುವ ರೂಢಿಯಿಲ್ಲ. ಅಂದರೆ ಹೊರಗಿನವರಿಗೆ ಅಂದ ಹಾಗೆ ಆಗುತ್ತದೆ. ಅವನು ಇನ್ನು ಹೊರಗಿನವನಲ್ಲ. ಅವನು ಕೇಬಲ್ ಎತ್ತಿಕೊಳ್ಳಲು ಬಗ್ಗಿದಾಗ ನಾನು ಅವನ ಕೈ ಸರಿಸಿದೆ. ಮದುವೆಯ ಮಂದಿ ತುಳಿದು ಮಣ್ಣಾಗಿದ್ದ ಆ ವೈರನ್ನು ಹೆಗಲ ಟವೆಲಿನಿಂದ ಉದ್ದಕ್ಕೂ ಒರೆಸಿದೆ. ಒಳಗಿನ ತಂತಿಗೆ ತಿರುಚು ಬೀಳದಂತೆ ಮೊಣಕೈಗೆ ಸಡಿಲವಾಗಿ ಸುತ್ತಿ, ತುದಿಯನ್ನು ಗಂಟು ಹಾಕದೆ ಸಿಕ್ಕಿಸಿ, ಡಿಕ್ಕಿಯಲ್ಲಿ ಬುಟ್ಟಿಗಳ ಭಾರ ಬೀಳದ ಮೂಲೆ ಹುಡುಕಿ ನನ್ನ ಕೈಯಿಂದಲೇ ಇಟ್ಟೆ.