ಗೌಡಗೆರೆ ಮಾರ್ಗವಾಗಿ ನಾರ್ವೆ

ನಮ್ಮ ಕಡೆ ಒಬ್ಬರು ವಿದೇಶಕ್ಕೆ ಹೊರಟರೆ, ಹೋಗುವುದಕ್ಕೆ ಮುಂಚೆಯೇ ಸನ್ಮಾನ ಮಾಡಿಬಿಡುತ್ತೇವೆ. ಬಂದ ಮೇಲೆ ಇನ್ನೊಂದು ಸಲ ಮಾಡುತ್ತೇವೆ, ಅದು ಬೇರೆ. ಈ ಪದ್ಧತಿಯನ್ನು ಯಾವ ಪುಣ್ಯಾತ್ಮ ಶುರು ಮಾಡಿದನೋ ಗೊತ್ತಿಲ್ಲ, ನಮ್ಮ ರೇಣುಕಪ್ರಸಾದರ ಮಾನ ತೆಗೆದವನು ಮಾತ್ರ ಅವನೇ.

ಡಾ. ರೇಣುಕಪ್ರಸಾದ್ ನಮ್ಮ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರು, ಕಲಾ ನಿಕಾಯದ ಡೀನರು. ನಾನು, ಪ್ರಭು, ಅದೇ ನಿಕಾಯದಲ್ಲಿ ಇತಿಹಾಸ ಪಾಠ ಮಾಡುವವನು. ಇಬ್ಬರ ಮನೆಯೂ ಮಧುಗಿರಿಯಲ್ಲಿ, ದಿನಾ ಓಡಾಟ ನನ್ನ ಕಾರಿನಲ್ಲಿ. ಅವರು ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಮೊದಲು ಕೆಲಸ ಸಿಕ್ಕಿದ್ದು ಪಾವಗಡದ ಕಾಲೇಜಿನಲ್ಲಿ, ಹೆಣ್ಣು ಕೊಟ್ಟವರು ಶಿರಾದವರು. ಹೀಗಾಗಿ ನಾಲ್ಕು ತಾಲ್ಲೂಕಿನವರೂ ಅವರನ್ನು ‘ನಮ್ಮವರು’ ಎಂದು ಎಳೆದಾಡುತ್ತಿದ್ದರು. ಒಬ್ಬ ಮನುಷ್ಯನಿಗೆ ಇಷ್ಟೊಂದು ಪ್ರೀತಿ ಒಳ್ಳೆಯದಲ್ಲ.

ಅವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಕೊರಗು. ಮೂವತ್ತು ವರ್ಷ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಡಂಬಡಿಕೆ ಕುದುರಿಸಿದ ಮನುಷ್ಯ ಒಂದು ಸಲವೂ ವಿಮಾನ ಹತ್ತಿರಲಿಲ್ಲ. ಪೋಲೆಂಡಿನ ಒಡಂಬಡಿಕೆಗೆ ಪತ್ರ ಬರೆದು ಬರೆದು ಸುಸ್ತಾದವರು ಇವರು, ಸಹಿ ಹಾಕಲು ಹೋದವರು ಆಗಿನ ಕುಲಪತಿಗಳು, ಶ್ರೀಮತಿಯವರ ಸಮೇತ. ಕೊರಿಯಾದ ಯೋಜನೆಗೆ ಇವರು ತಯಾರಿ ಮಾಡಿದರು, ಸಿಂಡಿಕೇಟ್ ಸದಸ್ಯರೊಬ್ಬರು ಹೋಗಿ ಮೊಬೈಲು ಕೊಂಡುಕೊಂಡು ಬಂದರು. ಇವರ ಪಾಲಿಗೆ ಬಂದದ್ದು ಬಂದವರನ್ನು ಉಪಚರಿಸುವ ಕೆಲಸ. ಮೈಸೂರು ಪೇಟ ತೊಡಿಸು, ಗಂಧದ ಹಾರ ಹಾಕು, ಕೈಕುಲುಕಿ ಫೋಟೊ ತೆಗೆಸಿಕೊ, ಫೋಟೊಗೆ ಕಟ್ಟು ಹಾಕಿಸಿ ಕಾರಿಡಾರಿನಲ್ಲಿ ನೇತುಹಾಕು. ನಮ್ಮ ನಿಕಾಯದ ಅಂತರರಾಷ್ಟ್ರೀಯ ಸಂಶೋಧನೆಯೆಲ್ಲ ಆ ಕಾರಿಡಾರಿನಲ್ಲೇ ಶುರುವಾಗಿ ಅಲ್ಲೇ ಮುಗಿದಿದೆ. ನಮ್ಮ ಕ್ಯಾಂಟೀನ್ ಗುತ್ತಿಗೆದಾರ ಕೂಡ ಸಿಂಗಪುರ ನೋಡಿ ಬಂದಿದ್ದ. ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು. “ಫಾರಿನ್ನಿಗೆ ಹೋಗದೇ ಇರೋ ಡೀನು ಅಂತ ಅನ್ನಿಸ್ಕೊಂಡು ರಿಟೈರ್ ಆಗೋದಾ ಪ್ರಭು?” ಎಂದು ಕಾರಿನಲ್ಲಿ ಕಣ್ಣು ತುಂಬಿಕೊಳ್ಳುತ್ತಿದ್ದರು.

ಆಗ ಬಂತು ನಾರ್ವೆ.

ಕುರಿ ಮೇಯಿಸುವವರು ಋತುವಿನಿಂದ ಋತುವಿಗೆ ಊರು ಬಿಟ್ಟು ಹೋಗುವುದರ ತೌಲನಿಕ ಅಧ್ಯಯನ. ಅಲ್ಲಿಯ ಕುರಿಯವರು, ಇಲ್ಲಿಯ ಕುರಿಯವರು. ಅಲ್ಲಿಯ ಮುಖ್ಯಸ್ಥೆ ಇಂಗ್ರಿಡ್ ಎಂಬ ಪ್ರೊಫೆಸರು. ಆಕೆ ತನ್ನ ತಂಡದೊಂದಿಗೆ ಎರಡು ಸಲ ಹಾರಿ ಬಂದಳು. ಒಂದು ಸಲ ಪೂರ್ವಭಾವಿ ಭೇಟಿಗೆ, ಇನ್ನೊಂದು ಸಲ ಪೂರ್ವಭಾವಿ ಭೇಟಿಯ ಪರಿಶೀಲನೆಗೆ, ಎರಡು ಸಲವೂ ಹಂಪಿಯ ದಾರಿಯಲ್ಲಿ. ಕ್ಷೇತ್ರಕಾರ್ಯಕ್ಕೆ ವಿದ್ಯಾರ್ಥಿಗಳನ್ನು ಗೌಡಗೆರೆ ಆಚೆಯ ಒಂದು ಹಟ್ಟಿಗೆ ಕಳಿಸಲಾಯಿತು. ಅಲ್ಲಿ ಬೋರಪ್ಪ, ನಾಗಕ್ಕ ಎಂಬ ಗಂಡ ಹೆಂಡತಿ ಅವರಿಗೆ ಮಜ್ಜಿಗೆ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಲೇಖನ ಅಚ್ಚಾದಾಗ ಅದರಲ್ಲಿ ನಾಗಕ್ಕನ ಹೆಸರು ‘ಶಿರಾ ತಾಲ್ಲೂಕಿನ ಒಬ್ಬ ಮಾಹಿತಿದಾರೆ’ ಎಂದಾಗಿತ್ತು. ರೇಣುಕಪ್ರಸಾದರು ಆ ಹಟ್ಟಿಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಬಿಸಿಲು ಅವರಿಗೆ ಆಗಿಬರುವುದಿಲ್ಲ.

ಏಪ್ರಿಲ್ಲಿನಲ್ಲಿ ನಾರ್ವೆಯಲ್ಲಿ ಸಮಾರೋಪ ಸಂಕಿರಣ, ಡೀನರಿಗೇ ಆಹ್ವಾನ. ವೀಸಾ ಬರುವ ಮೊದಲೇ ಶಿರಾದಲ್ಲಿ ಉಣ್ಣೆ ಕೋಟು ಹೊಲಿಯಲು ಹಾಕಿದರು. ಮಧುಗಿರಿಯ ಹಾರ್ಡ್‌ವೇರ್ ಅಂಗಡಿಯ ಮಹಾಲಿಂಗಯ್ಯ ಊರಿನ ಸನ್ಮಾನಗಳನ್ನೆಲ್ಲ ನಡೆಸುವ ನಮ್ಮ ನಾಗರಿಕರ ಸಂಘದ ಕಾರ್ಯದರ್ಶಿ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ನಿಲ್ಲಿಸಿದರು. ಒಂದು ಕಡೆ ರೇಣುಕಪ್ರಸಾದರು, ಒಂದು ಕಡೆ ಹಿಮದ ಬೆಟ್ಟ, ನಡುವೆ ವಿಮಾನ. ಮಧುಗಿರಿ ಮಾಡಿದ ಮೇಲೆ ಕೊರಟಗೆರೆ ಬಿಡುತ್ತದೆಯೇ? ಶಿರಾ ಬಿಡುತ್ತದೆಯೇ? ಪಾವಗಡದಲ್ಲಂತೂ ಹಳೆಯ ವಿದ್ಯಾರ್ಥಿಗಳು ತೆಲುಗಿನಲ್ಲಿ “ಮಾ ಸಾರು, ಮಾ ಸಾರು” ಎಂದು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ಮನೆಯ ಬೀರುವಿನಲ್ಲಿ ಶಾಲು ಹಿಡಿಸದೆ ಅವರ ಹೆಂಡತಿ ಜಗದಾಂಬ ಗೋಣಿಚೀಲಕ್ಕೆ ತುಂಬಿದರು.

ಪಾವಗಡದ ಮೆರವಣಿಗೆಯ ಮರುದಿನ ಇಂಗ್ರಿಡಳ ಪತ್ರ ಬಂತು. ಭೂಮಿ ಬಿಸಿಯಾಗುತ್ತಿದೆ, ವಿಮಾನ ಪ್ರಯಾಣವೇ ಅದಕ್ಕೆ ದೊಡ್ಡ ಕಾರಣಗಳಲ್ಲೊಂದು, ಆದ್ದರಿಂದ ಸಂಕಿರಣವನ್ನು ಆನ್‌ಲೈನಿನಲ್ಲಿ ನಡೆಸಲು ಹೆಮ್ಮೆಯಿಂದ ತೀರ್ಮಾನಿಸಿದ್ದೇವೆ. ಅವರು ಎರಡು ಸಲ ಹಾರಿ ಬಂದಾಗ ಭೂಮಿ ತಣ್ಣಗಿತ್ತು ಅಂತ ಕಾಣುತ್ತದೆ. ನಮ್ಮವರ ಸರದಿ ಬಂದಾಗ ಬಿಸಿಯಾಯಿತು.

ರೇಣುಕಪ್ರಸಾದರು ಸೋಫಾದ ಮೇಲೆ ಕುಸಿದರು. “ಹೋದದ್ದು ಹೋಯ್ತು, ಹೋಗ್ತಿಲ್ಲ ಅಂತ ಹೇಳಿಬಿಡಿ” ಎಂದೆ.

“ನಾಲ್ಕು ತಾಲ್ಲೂಕಲ್ಲಿ ಶಾಲು ಹೊದ್ದಿದೀನಿ ಪ್ರಭು! ಯಾವ ಮುಖ ಇಟ್ಕೊಂಡು ಹೇಳಲಿ? ನಾನು ಹೋಗಲೇಬೇಕು.”

“ಎಲ್ಲಿಗೆ?”

“ಎಲ್ಲಿಗಾದ್ರೂ.”

ಬೆಂಗಳೂರು ಆಗುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಕಾಲಿಟ್ಟರೆ ಮಧುಗಿರಿಯವರು ನಾಲ್ಕು ಜನ ಕೈ ಬೀಸುತ್ತಾರೆ. ಇವರಿಗೆ ಶಾಲು ಹೊದಿಸಿದವರಲ್ಲಿ ಒಬ್ಬರೂ ಕಾಲಿಡದ ಜಾಗ ಯಾವುದೆಂದು ಯೋಚಿಸಿದರೆ, ಇಡೀ ನಾಲ್ಕು ತಾಲ್ಲೂಕಿನಲ್ಲಿ ಹೊಳೆದದ್ದು ಬೋರಪ್ಪನ ಹಟ್ಟಿ ಒಂದೇ. ಹೊರಡುವ ದಿನ ಕೇರಿಯವರೆಲ್ಲ ಬಂದು ಬೀಳ್ಕೊಟ್ಟರು. ಆರತಿ ಎತ್ತಿಸಿಕೊಂಡು ನನ್ನ ಕಾರು ಹತ್ತಿದವರು ವಿಮಾನ ನಿಲ್ದಾಣದ ಕಡೆ ಸ್ವಲ್ಪ ದೂರ ಹೋಗಿ, ಸುತ್ತು ಹಾಕಿಕೊಂಡು ಗೌಡಗೆರೆ ಮಾರ್ಗವಾಗಿ ಹಟ್ಟಿಗೆ ಬಂದಿಳಿದರು. ಮೊಬೈಲು ಆರಿಸಿ ನನ್ನ ಕೈಗೆ ಕೊಟ್ಟರು. ಸಂಕಿರಣಕ್ಕೆ ಬೇಕೆಂದು ಲ್ಯಾಪ್‌ಟಾಪೂ ಇಂಟರ್‌ನೆಟ್ಟಿನ ಡಾಂಗಲ್ಲೂ ಮಾತ್ರ ಇಟ್ಟುಕೊಂಡರು.

“ಯಾಕ್ ಸಾ, ಇಷ್ಟು ದೊಡ್ ಪೆಟ್ಗೆ? ಊರು ಬುಟ್ಬುಟ್ರಾ?” ಎಂದ ಬೋರಪ್ಪ.

“ಸಂಶೋಧನೆ” ಎಂದರು ಡೀನರು.

“ಅಂಗಾದ್ರೆ ಇರಿ ಬುಡಿ” ಎಂದಳು ನಾಗಕ್ಕ. ಒಳಗಿದ್ದ ಒಂದೇ ಮಂಚ ಅವರಿಗೆ ಕೊಟ್ಟು ಗಂಡ ಹೆಂಡತಿ ಕುರಿ ಕೂಡುವ ರೊಪ್ಪದ ಪಕ್ಕ ಹೊರಗೆ ಮಲಗಿದರು. ಇವರು ಮಾಂಸ ತಿನ್ನದ ಜನ ಎಂದು ಹೊಸ ಮಡಕೆ ತಂದು ಹುರುಳಿಕಾಳಿನ ಸಾರು, ಕಡ್ಲೆಕಾಯಿ ಚಟ್ನಿ ಮಾಡಿದಳು. ಇವರು ಇರುವಷ್ಟು ದಿನ ಆ ಒಲೆಯ ಮೇಲೆ ಬಾಡು ಬೇಯಲಿಲ್ಲ. ಕಾರಣ ಕೆದಕಲಿಲ್ಲ, ಅವಳಿಗೆ ಅತಿಥಿ ಅಂದರೆ ಅಷ್ಟೇ.

ಸಂಕಿರಣದ ದಿನ ಡೀನರು ಉಣ್ಣೆ ಕೋಟು ತೊಟ್ಟು ಟೈ ಕಟ್ಟಿದರು. ಸಿಗ್ನಲ್ ಸಿಗುತ್ತಿದ್ದದ್ದು ರೊಪ್ಪದ ಮೂಲೆಯಲ್ಲಿ ಮಾತ್ರ. ಬಿಸಿಲಿನಲ್ಲಿ ಬೆವರು ಸುರಿಸುತ್ತಾ ಭಾಷಣ ಮಾಡಿದರು. ಹಿಂದೆ ಕುರಿಗಳು, ಕುರಿಗಳ ಹಿಂದೆ ಮಜ್ಜಿಗೆ ಗಡಿಗೆ ಹಿಡಿದು ಹಾದುಹೋದ ನಾಗಕ್ಕ. ನಾರ್ವೆಯವರಿಗೆ ರೋಮಾಂಚನ. ಪ್ರೊಫೆಸರು ವಿಮಾನ ಬಿಟ್ಟು ಹಟ್ಟಿಯಲ್ಲೇ ವಾಸಕ್ಕೆ ಹೋಗಿದ್ದಾರೆ! ಆ ದೃಶ್ಯದ ಚಿತ್ರ ತೆಗೆದು ತಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿದರು: ‘ಶಿರಾ ತಾಲ್ಲೂಕಿನ ಕುರಿಗಾಹಿಗಳ ನಡುವೆ ಬದುಕುತ್ತಿರುವ ನಮ್ಮ ಸಹಭಾಗಿ. ಹಿನ್ನೆಲೆಯಲ್ಲಿ ಒಬ್ಬ ಸ್ಥಳೀಯ ಮಹಿಳೆ.’

ಸಂಜೆಯ ಹೊತ್ತಿಗೆ ಅದು ನಾಲ್ಕು ತಾಲ್ಲೂಕಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿತ್ತು. ಮೊಬೈಲಿಲ್ಲದ ಡೀನರಿಗೆ ಮಾತ್ರ ಗೊತ್ತಿಲ್ಲ.

ನಾನು ಮಹಾಲಿಂಗಯ್ಯನವರ ಅಂಗಡಿಗೆ ಓಡಿದೆ. “ಸ್ವಾಗತ ಸಮಾರಂಭ ಬೇಡ ಬಿಡಿ” ಎಂದೆ. ಅವರು ಮೊಳೆ ತೂಗುವುದನ್ನು ನಿಲ್ಲಿಸಲೂ ಇಲ್ಲ.

“ಫ್ಲೆಕ್ಸ್ ಬಂದ್‌ಬಿಟ್ಟಿದೆಯಲ್ರೀ. ಶಾಸಕರ ಡೇಟೂ ಸಿಕ್ಕಿದೆ. ಡೀನರು ಹೋದ್ರೋ ಬಿಟ್ರೋ, ಅದನ್ನ ಕಟ್ಕೊಂಡು ನಮಗೇನಾಗ್ಬೇಕು?”

ಸಮಾರಂಭದ ದಿನ ಬೆಳಿಗ್ಗೆ ಕರೆತರಲು ಹಟ್ಟಿಗೆ ಹೋದೆ. ಡೀನರು ಕೋಟನ್ನು ಮಂಚದ ಮೇಲೆ ಬಿಟ್ಟು ಬಂದರು. “ಕುರಿ ವಾಸನೆ ಹೊಡೀತಿದೆ, ನಾರ್ವೆಯಿಂದ ಬಂದೆ ಅಂದ್ರೆ ಯಾರು ನಂಬ್ತಾರೆ?” ಫೋಟೊದ ವಿಷಯ ದಾರಿಯಲ್ಲಿ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹಿಮದ ಮೇಲೆ ಹೇಗೆ ನಡೆಯಬೇಕು ಎಂದು ವಿವರಿಸಲು ಶುರು ಮಾಡಿದರು. ನನಗೆ! ಹಟ್ಟಿಗೆ ಬಿಟ್ಟು ಬಂದವನು ನಾನು, ವಾಪಸ್ ಕರೆತರುತ್ತಿರುವವನು ನಾನು, ನನಗೇ ಹಿಮ! ಮೈ ಉರಿದುಹೋಯಿತು. ಬಾಯಿ ಮುಚ್ಚಿಕೊಂಡು, ಅವರ ಮೊಬೈಲನ್ನೂ ಕೊಡದೆ, ಕಾರು ಓಡಿಸಿದೆ.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಎಲ್ಲರ ಮೊಬೈಲಿನಲ್ಲೂ ಕುರಿ, ಎಲ್ಲರ ಮುಖದಲ್ಲೂ ಗಾಂಭೀರ್ಯ. ಶಾಸಕರು ‘ಸಾಗರದಾಚೆ ನಮ್ಮ ಕೀರ್ತಿ’ ಎಂದು ಹೊಗಳಿ ಶಾಲು ಹೊದಿಸಿದರು. ರೇಣುಕಪ್ರಸಾದರು ಮಾತಿಗೆ ನಿಂತರು. ಹಿಮ ಬೇಗ ಮುಗಿಯಿತು, ಎಷ್ಟಾದರೂ ನೋಡಿರಲಿಲ್ಲವಲ್ಲ. ಆಮೇಲೆ ನಾರ್ವೆಯ ಕುರಿಯವರ ವಿಷಯಕ್ಕೆ ಬಂದರು. ಅಲ್ಲಿಂದ ಮುಂದೆ ನಾನೂ ನೆಟ್ಟಗೆ ಕುಳಿತೆ.

“ಅವರ ಮನೆಯಲ್ಲಿ ಇದ್ದದ್ದು ಒಂದೇ ಮಂಚ. ಅದನ್ನು ನನಗೆ ಕೊಟ್ಟು ಅವರು ಹೊರಗೆ ಮಲಗಿದರು. ನಾನು ಸಸ್ಯಾಹಾರಿ ಎಂದು ಆ ತಾಯಿ ಹೊಸ ಪಾತ್ರೆ ತಂದಳು. ನಾನು ಇದ್ದಷ್ಟು ದಿನ ಆ ಮನೆಯಲ್ಲಿ ಯಾರೂ ಮಾಂಸ ಮುಟ್ಟಲಿಲ್ಲ. ಯಾಕೆ ಬಂದಿರಿ ಎಂದು ಕೆದಕಿ ಕೇಳಲಿಲ್ಲ. ಅಂಥ ಜನ ನಮ್ಮ ದೇಶದಲ್ಲಿ ಸಿಗುವುದಿಲ್ಲ.”

ಅದು ನಾಟಕವಾಗಿರಲಿಲ್ಲ. ಮೂವತ್ತು ವರ್ಷದಲ್ಲಿ ಕುರಿಯವರ ಬಗ್ಗೆ ಅವರು ಆಡಿದ ನಿಜವಾದ ಮಾತುಗಳು ಅವಷ್ಟೇ. ಅವನ್ನೂ ನಾರ್ವೆಗೆ ಧಾರೆ ಎರೆದುಬಿಟ್ಟರು.

ಬಾಗಿಲ ಹತ್ತಿರ ಬೋರಪ್ಪ, ನಾಗಕ್ಕ ನಿಂತಿದ್ದರು. ಬಿಟ್ಟುಹೋದ ಕೋಟು ಕೊಡಲು ಬಸ್ಸು ಹತ್ತಿ ಡೀನರ ಮನೆಗೆ ಬಂದಿದ್ದರಂತೆ. ಜಗದಾಂಬ “ಇಲ್ಲಿ ಯಾಕೆ ಕೊಡ್ತೀರಿ, ಸಭೆಗೇ ಹೋಗಿ ಕೊಡಿ, ಇವತ್ತು ಬೇಕಾಗುತ್ತೆ” ಎಂದು ದಾರಿ ತೋರಿಸಿ ಕಳಿಸಿದ್ದರಂತೆ.

ನಾಗಕ್ಕ ನಡುದಾರಿಯಲ್ಲಿ ನಡೆದು ವೇದಿಕೆಯ ಮುಂದೆ ಬಂದಳು.

“ಸಾಮಿ, ಮಂಚ ಕೊಟ್ಟೋಳು, ಆವಮ್ಮನ ಹೆಸ್ರು ಏನಂದ್ರಿ? ಹೇಳ್ಲೇ ಇಲ್ವಲ್ಲ.”

ರೇಣುಕಪ್ರಸಾದರು ಅವಳನ್ನು ನೋಡಿದರು, ಶಾಸಕರನ್ನು ನೋಡಿದರು, ನನ್ನನ್ನು ನೋಡಿದರು. ಅವಳ ಹೆಸರು ಅವರ ತುಟಿಯವರೆಗೂ ಬಂದದ್ದನ್ನು ನಾನು ಕಂಡೆ.

“ಇಂಗ್ರಿಡ್” ಎಂದರು. ನಾರ್ವೆಯ ಹೆಂಗಸರಲ್ಲಿ ಅವರಿಗೆ ಗೊತ್ತಿದ್ದ ಹೆಸರು ಅದೊಂದೇ.

“ಒಳ್ಳೇ ಹೆಸ್ರು ಬುಡಿ” ಎಂದಳು ನಾಗಕ್ಕ. ಸೆರಗಿನಡಿಯಿಂದ ಕೋಟು ತೆಗೆದು ಮೇಜಿನ ಮೇಲಿಟ್ಟಳು. “ಆವಮ್ಮನೇ ಕೊಟ್ ಕಳ್ಸವ್ಳೆ, ಮರ್ತು ಬುಟ್ಟು ಬಂದ್ರಂತೆ. ಬಿಸ್ಲಿಗಾಕಿ ವಾಸ್ನೆ ತೆಗ್ದವ್ಳೆ. ಇನ್ನು ಯಾರ್ ಮೂಸುದ್ರೂ ಗೊತ್ತಾಗಕಿಲ್ಲ.”

ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ಆಮೇಲೆ ಇಡೀ ಸಭಾಂಗಣ ನಕ್ಕಿತು. ಶಾಸಕರು ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದರು, ಅವರು ತಟ್ಟಿದರೆಂದು ಉಳಿದವರೂ ತಟ್ಟಿದರು. ಮಹಾಲಿಂಗಯ್ಯ ಇಂಥ ಹೊತ್ತಿನಲ್ಲಿ ಎದೆಗೆಡುವವರಲ್ಲ. ಕೋಟು ಎತ್ತಿ ಡೀನರಿಗೆ ತೊಡಿಸಿ ಫೋಟೊದವನಿಗೆ ಸನ್ನೆ ಮಾಡಿದರು. ಕೋಟಿನ ತೋಳು ಮಡಚಿಕೊಂಡಿದ್ದನ್ನು ಕಂಡು ನಾಗಕ್ಕ, ಮನೆಯ ಹೆಂಗಸಿನ ಹಾಗೆ, ಕೈ ಚಾಚಿ ಅದನ್ನು ಸರಿಮಾಡಿದಳು. ಫ್ಲ್ಯಾಶ್ ಹೊಡೆಯಿತು.

ರೇಣುಕಪ್ರಸಾದರು ಈಗ ನಿವೃತ್ತರು. ಆ ಫೋಟೊ ನಮ್ಮ ಕಾರಿಡಾರಿನಲ್ಲಿ ಪೋಲೆಂಡು, ಕೊರಿಯಾಗಳ ಪಕ್ಕ ‘ನಾರ್ವೆ ಸಹಯೋಗ’ ಎಂಬ ಅಡಿಬರಹದೊಂದಿಗೆ ನೇತಾಡುತ್ತಿದೆ. ಕಟ್ಟು ಹಾಕಿಸುವಾಗ ನಾಗಕ್ಕನನ್ನು ಕತ್ತರಿಸಿದ್ದಾರೆ. ಆದರೆ ಕೋಟಿನ ತೋಳು ಹಿಡಿದ ಕೈಯನ್ನು ಕತ್ತರಿಸಿದರೆ ಡೀನರ ಕೈಯೂ ಹೋಗುತ್ತಿತ್ತು, ಹಾಗಾಗಿ ಅದೊಂದು ಉಳಿದಿದೆ. ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆ. ಹೊಸದಾಗಿ ಸೇರಿದ ಉಪನ್ಯಾಸಕರು ಅದು ಯಾರ ಕೈ ಎಂದು ನನ್ನನ್ನು ಕೇಳುತ್ತಾರೆ. ನಾನು ಹೆಸರು ಹೇಳುತ್ತೇನೆ.