ಫ್ರಿಜ್ಜಿನೊಳಗೊಂದು ಊರು

ನಮ್ಮ ದೊಡ್ಡಮ್ಮ ಕೈಕಟ್ಟಿ ಕೂತಿದ್ದನ್ನು ನಾನಂತೂ ಕಂಡಿಲ್ಲ. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪನ ಫ್ರಿಜ್ಜು ರಿಪೇರಿ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಎತ್ತಿಕೊಡುತ್ತಿದ್ದವಳು, ಬರಬರುತ್ತಾ ಬೆಸುಗೆ ಹಾಕುವುದನ್ನೂ ಕಲಿತಳು. ಕೂದಲು ನೆರೆತ ಮೇಲೆ ಅವಳಿಗೊಂದು ಹೊಸ ಹುಚ್ಚು ಹಿಡಿಯಿತು.

ಅಂಗಡಿಯ ಮೂಲೆಯಲ್ಲೊಂದು ಸತ್ತ ಫ್ರಿಜ್ಜಿತ್ತು. ಯಾರೋ ಗಿರಾಕಿ "ನೀವೇ ಇಟ್ಕೊಳ್ಳಿ" ಎಂದು ಕೈತೊಳೆದುಕೊಂಡಿದ್ದರು. ಬಲ್ಬಿಗೆ ಮಾತ್ರ ಇನ್ನೂ ಜೀವವಿತ್ತು. ಒಂದು ಮಧ್ಯಾಹ್ನ ದೊಡ್ಡಮ್ಮ ಸುಟ್ಟುಹೋದ ಫ್ಯೂಸುಗಳನ್ನು ಅದರ ಮೊಟ್ಟೆ ಇಡುವ ಗುಳಿಗಳಲ್ಲಿ ಹಾಕಿಟ್ಟಳು. ನೋಡಿದರೆ, ನಾಟಕಕ್ಕೆ ಬಂದ ಜನ ಸಾಲಾಗಿ ಕೂತ ಹಾಗಿದೆ!

"ಅಯ್ಯೋ, ಇವರಿಗೆ ಮನೆಮಠ ಬೇಡ್ವಾ?" ಎಂದಳಂತೆ.

ಅಷ್ಟೇ. ಫ್ರೀಜರಿನಲ್ಲಿ ಥರ್ಮಾಕೋಲಿನ ಹಿಮಬೆಟ್ಟ ಎದ್ದಿತು. ತಾಮ್ರದ ತಂತಿ ಬಗ್ಗಿ ಮರವಾಯಿತು. ಹಳೇ ಸ್ವಿಚ್ಚುಗಳು ಮನೆಗಳಾದವು. ತರಕಾರಿ ಡಬ್ಬದಲ್ಲಿ ಒಡೆದ ನೀಲಿ ಗಾಜು ಹರಡಿ, ನೀರು ಸುರಿದು ಕೆರೆ ಮಾಡಿದಳು. ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು.

"ನಾವು ಬಾಗಿಲು ತೆಗೆದ್ರೆ ಅಲ್ಲಿ ಬೆಳಗಾಗುತ್ತೆ. ಹಾಕಿದ್ರೆ ರಾತ್ರಿ. ಮೆಲ್ಲಗೆ ಹಾಕೇ, ಎಚ್ಚರ ಆದೀತು!"

ಎರಡು ಮಕ್ಕಳ ತಾಯಿ ನಾನು, ಉಸಿರು ಬಿಗಿಹಿಡಿದು ಮೆಲ್ಲಗೆ ಹಾಕಿದೆ!

ದೊಡ್ಡಪ್ಪನಿಗೆ ಮಾತ್ರ ತಲೆಬಿಸಿ. "ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ, ಇವಳು ಊರು ಕಟ್ತಾಳೆ" ಎಂದು ಗೊಣಗಿ ಗುಜರಿಯವನಿಗೆ ಹೇಳಿಕಳಿಸಿದ. ಅವನು ಗಾಡಿ ತಂದ. ಒಳಗೇನಾದರೂ ಉಳಿದಿದೆಯೇ ನೋಡೋಣವೆಂದು ಬಾಗಿಲು ತೆಗೆದ. ಊರಿಗೆ ಬೆಳಗಾಯಿತು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ದೊಡ್ಡಮ್ಮ ಉಗುರು ಕಚ್ಚುತ್ತಾ ನಿಂತಿದ್ದಳು.

"ಅಕ್ಕಾ, ಈ ಊರಿಗೆ ರೈಲಿಲ್ವಾ?" ಎಂದ.

"ರೈಲು ಎಲ್ಲಿಂದ ತರ್ಲಪ್ಪಾ?"

"ಇರಿ, ಬಂದೆ!"

ಓಡಿ ಗಾಡಿಯಿಂದ ಒಂದು ಮೂಟೆ ಇಳಿಸಿ ನೆಲಕ್ಕೆ ಸುರಿದ. ಸೈಕಲ್ ಚೈನು, ಗುಂಡಿಗಳು, ಖಾಲಿ ಲಿಪ್‌ಸ್ಟಿಕ್ ಡಬ್ಬಿಗಳು. "ಇವೇ ಬೋಗಿ!" ಎಂದು ದೊಡ್ಡಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಇಬ್ಬರೂ ನೆಲದ ಮೇಲೆ ಕೂತು ಬೋಗಿಗಳನ್ನು ಚೈನಿಗೆ ಕಟ್ಟತೊಡಗಿದರು. ದೊಡ್ಡಪ್ಪ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ನೋಡಿದ. ಆಮೇಲೆ ತಡೆಯಲಾಗಲಿಲ್ಲ.

"ಹಾಗಲ್ಲ ಕಣೇ, ಇಬ್ರೂ ಆಚೆ ಸರೀರಿ. ಫ್ಯಾನಿನ ಮೋಟಾರ್ ಹಾಕಿದ್ರೆ ತಾನಾಗೇ ಓಡುತ್ತೆ."

ಅಂದು ಬಂದ ಗಿರಾಕಿಗಳಿಗೆಲ್ಲ "ನಾಳೆ ಬನ್ನಿ" ಎಂದೇ ಉತ್ತರ. ಯಾರೂ ಹೋಗಲಿಲ್ಲ, ನಿಂತು ನೋಡಿದರು. ಸಂಜೆ ಹೊತ್ತಿಗೆ ರೈಲನ್ನು ಫ್ರಿಜ್ಜಿನೊಳಗೆ ಕೂರಿಸಿ ದೊಡ್ಡಪ್ಪ ಸ್ವಿಚ್ ಒತ್ತಿದ. ಕೆಂಪು, ಬಂಗಾರದ ಬೋಗಿಗಳು ಕಟಕಟ ಎನ್ನುತ್ತಾ ಬೆಟ್ಟ ಸುತ್ತಿ ಬಂದವು. ಎಲ್ಲರೂ ಹೋ ಎಂದರು. ಎರಡನೇ ಸುತ್ತಿಗೆ ಕೊನೆಯ ಬೋಗಿ ಕಳಚಿ ಕೆಳಗಿನ ಕೆರೆಗೆ ಬಿತ್ತು.

ದೊಡ್ಡಪ್ಪನ ಮುಖ ಬಾಡಿತು. ದೊಡ್ಡಮ್ಮ ಚಪ್ಪಾಳೆ ತಟ್ಟುತ್ತಾ ನಕ್ಕಳು: "ಬಿಡಿ, ನಮ್ಮೂರವರಿಗೆಲ್ಲ ಈಜು ಬರುತ್ತೆ!"